ಕಟ್ಟು ಹಾಕಿಸಿದ ದೂರುಪತ್ರ

ಕ್ಲಿಫರ್ಡ್ ನಟಾಲ್ ತನ್ನ ಅರವತ್ತೇಳು ವರ್ಷದ ಬಾಳಿನಲ್ಲಿ ಯಾರ ಮೇಲೂ ಒಂದು ದೂರು ಹೇಳಿದವನಲ್ಲ. ಮ್ಯಾಂಚೆಸ್ಟರ್ ಕಡೆಯ ಥಾರ್ನ್‌ಡೆನ್ ಪೇಟೆಯಲ್ಲಿ ಇದಕ್ಕೆ ಸಾಕ್ಷಿಗಳು ಬೇಕಾದಷ್ಟಿದ್ದಾರೆ. ಮಾರ್ಕೆಟ್ ಪಕ್ಕದ ಹೋಟೆಲಿನಲ್ಲಿ ಅವನ ಮಾಂಸದ ಪೈಯೊಳಗಿಂದ ಕೋಟಿನ ಗುಂಡಿಯೊಂದು ಹೊರಬಂದಾಗ, ಅದನ್ನು ಒರೆಸಿ ತಟ್ಟೆಯ ಅಂಚಿನಲ್ಲಿಟ್ಟು, "ಹೇಗಿತ್ತು?" ಎಂದ ಬಡಿಸುವವಳಿಗೆ "ಸೊಗಸಾಗಿತ್ತು" ಎಂದು ಹೇಳಿ, ಭಕ್ಷೀಸು ಬೇರೆ ಕೊಟ್ಟು ಬಂದವನು ಅವನು. ಕ್ಷೌರಿಕನ ಕತ್ತರಿ ಕಿವಿಗೆ ತಗುಲಿ ರಕ್ತ ಬಂದಾಗ, "ಸಾರಿ, ನನ್ನ ಕಿವಿ ಮೊದಲಿಂದಲೂ ಸ್ವಲ್ಪ ಅಗಲ" ಎಂದು ತಾನೇ ಕ್ಷಮೆ ಕೇಳಿದವನು. ಬಸ್ಸಿನಲ್ಲಿ ಯಾರಾದರೂ ಅವನ ಕಾಲು ತುಳಿದರೆ, ತುಳಿದವರು ಬಾಯಿ ತೆರೆಯುವ ಮೊದಲೇ ಇವನ ಸಾರಿ ಹೊರಟಿರುತ್ತಿತ್ತು. ಇಂಥ ಮನುಷ್ಯ ಒಂದು ಬ್ಯಾಂಕಿನ ಮೇಲೆ ದೂರು ಕೊಡಬೇಕಾಗಿ ಬಂದದ್ದನ್ನು ವಿಧಿಲೀಲೆ ಎನ್ನೋಣವೆಂದರೆ, ಅದರಲ್ಲಿ ವಿಧಿಯ ಪಾತ್ರ ಏನೂ ಇಲ್ಲ. ಎಲ್ಲ ಹೆಂಡತಿಯ ತಂಗಿ ಡೋರೀನಳ ಕೆಲಸ.

೨೦೧೯ರ ಮೇ ತಿಂಗಳ ಒಂದು ಭಾನುವಾರ ಡೋರೀನ್ ಚಹಾಕ್ಕೆ ಬಂದಳು. ಬಂದವಳ ಮುಖ, ಕತ್ತು, ತೋಳು ಎಲ್ಲ ಕೆಂಪಾಗಿ ಸುಲಿದಿದ್ದವು.

"ಏನೇ ಇದು, ಸುಟ್ಕೊಂಡ್ಯಾ?" ಎಂದಳು ಅಕ್ಕ ಮ್ಯೂರಿಯಲ್.

"ಸುಡೋದೇನು, ಟೆನೆರೀಫ್ ದ್ವೀಪದ ಬಿಸಿಲಿಗೆ ಹೋಗಿ ಬಂದೆ ಕಣೆ! ಎರಡು ವಾರ. ಎಲ್ಲ ಬ್ಯಾಂಕಿನವರ ಖರ್ಚು." ಡೋರೀನ್ ಮೂರನೇ ಸ್ಯಾಂಡ್‌ವಿಚ್‌ಗೆ ಕೈ ಹಾಕಿದಳು. "ಹಳೇ ಸಾಲಕ್ಕೆ ವಿಮೆ ಅಂಟಿಸಿದ್ರಲ್ಲ, ಆ ದುಡ್ಡು ವಾಪಸ್ ಬಂತು. ಮೂರು ಸಾವಿರದ ಚಿಲ್ಲರೆ. ನಿಮಗೆ ಬರ್ಲಿಲ್ವಾ? ಇಡೀ ದೇಶಕ್ಕೇ ಬಂತಲ್ಲ!"

ಇದು ಅತಿಶಯೋಕ್ತಿಯಾದರೂ ದೊಡ್ಡ ಅತಿಶಯೋಕ್ತಿಯಲ್ಲ. ಬ್ಯಾಂಕುಗಳು ಸಾಲ ಕೊಡುವಾಗ ಜೊತೆಗೊಂದು ವಿಮೆಯನ್ನೂ ಕೊಡುತ್ತಿದ್ದವು. ನಿಮ್ಮ ಕೆಲಸ ಹೋದರೆ ಸಾಲದ ಕಂತನ್ನು ವಿಮೆ ಕಟ್ಟುತ್ತದೆ ಎಂಬುದು ಮಾತು. ಯಾರಿಗೆ ಅದು ಉಪಯೋಗಕ್ಕೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ. ನಿವೃತ್ತರಿಗೂ ಕೊಟ್ಟಿದ್ದರು, ಕೇಳದವರಿಗೂ ಕೊಟ್ಟಿದ್ದರು. ಗುಟ್ಟು ಹೊರಬಿದ್ದ ಮೇಲೆ, ಮೋಸ ಹೋದವರೆಲ್ಲ ದೂರು ಕೊಟ್ಟರೆ ಹಣ ವಾಪಸ್ಸು ಎಂದು ತೀರ್ಮಾನವಾಯಿತು. ದೂರು ಕೊಡಲು ಕೊನೆಯ ದಿನ ಆ ವರ್ಷದ ಆಗಸ್ಟ್ ಇಪ್ಪತ್ತೊಂಬತ್ತು. ಟೀವಿಯಲ್ಲಿ ಅರ್ಧ ಗಂಟೆಗೊಮ್ಮೆ ಇದೇ ಜಾಹೀರಾತು ಬರುತ್ತಿತ್ತು. ಪ್ರತಿ ಸಲವೂ ಕ್ಲಿಫರ್ಡ್ ಎದ್ದು ಹೋಗಿ ಚಹಾಕ್ಕೆ ನೀರಿಡುತ್ತಿದ್ದ.

ಮ್ಯೂರಿಯಲ್ ಮೇಲೆ ಹೋಗಿ ಕಾಗದಪತ್ರಗಳ ಡಬ್ಬಿ ತಂದು ಮೇಜಿನ ಮೇಲೆ ಸುರಿದಳು. ೧೯೯೯ರ ವ್ಯಾನ್ ಸಾಲದ ಪತ್ರ ಸಿಕ್ಕಿತು. ಅದರ ನಾಲ್ಕನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ವಿಮೆಯೂ ಸಿಕ್ಕಿತು. 'ಮಾಲೀಕರು ಕೆಲಸದಿಂದ ತೆಗೆದಲ್ಲಿ ಕಂತು ಕಟ್ಟಿಕೊಡಲಾಗುವುದು' ಎಂದಿತ್ತು.

"ನೀನು ಕಿಟಕಿ ಒರೆಸೋನು ಕ್ಲಿಫ್," ಎಂದಳು ಮ್ಯೂರಿಯಲ್. "ನಿನಗೆ ಮಾಲೀಕ ಯಾರು?"

"ಯಾರೂ ಇಲ್ಲ. ನಾನೇ."

"ಮತ್ತೆ ನಿನ್ನ ಕೆಲಸದಿಂದ ತೆಗೆಯೋರು ಯಾರಪ್ಪ?"

"ಒಂದ್ಸಲ ಏಣಿ ತೆಗೆದಿತ್ತಲ್ಲ," ಎಂದ ಕ್ಲಿಫರ್ಡ್.

ಅದು ನಗುವ ಮಾತಾಗಿರಲಿಲ್ಲ. ೨೦೦೧ರ ಚಳಿಗಾಲದಲ್ಲಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ಅವನು ನಾಲ್ಕು ತಿಂಗಳು ಮಲಗಿದ್ದ. ವಿಮೆ ಇದೆಯಲ್ಲ ಎಂದು ಊರುಗೋಲು ಹಿಡಿದು ಬ್ಯಾಂಕಿಗೆ ಹೋದರೆ, ಮಾಲೀಕರಿಂದ ಪತ್ರ ತನ್ನಿ ಎಂದರು. ಕ್ಲಿಫರ್ಡ್ ಅವರಿಗೆ ಥ್ಯಾಂಕ್ಸ್ ಹೇಳಿ ಕುಂಟುತ್ತ ಮನೆಗೆ ಬಂದ. ಆ ವಾರ ಸಾಲದ ಕಂತು ಕಟ್ಟಲು ಮ್ಯೂರಿಯಲ್ ತನ್ನ ಕಾರ್ನೆಟ್ ಮಾರಿದಳು. ಕಾರ್ನೆಟ್ ಎಂದರೆ ಗಿಡ್ಡನೆಯ ಹಿತ್ತಾಳೆ ತುತ್ತೂರಿ. ಅವಳ ಅಪ್ಪನದು. ಹನ್ನೊಂದನೇ ವಯಸ್ಸಿನಿಂದ ಊರಿನ ವಾದ್ಯಮೇಳದಲ್ಲಿ ಅದನ್ನು ಊದಿದವಳು ಅವಳು. ಮಾರಿದ ಮೇಲೆ ಮೇಳದ ಕಡೆ ಮತ್ತೆ ತಲೆ ಹಾಕಲಿಲ್ಲ. ಭಾನುವಾರ ಪಾರ್ಕಿನಿಂದ ವಾದ್ಯದ ಸದ್ದು ಬಂದರೆ ಕಿಟಕಿ ಮುಚ್ಚುತ್ತಿದ್ದಳು, ಅಷ್ಟೆ.

"ಆ ದುಡ್ಡಿನಲ್ಲಿ ನನ್ನ ಕಾರ್ನೆಟ್ ಇದೆ ಕ್ಲಿಫ್," ಎಂದಳು ಈಗ. "ಸಾಲ ನಿನ್ನ ಹೆಸರಲ್ಲಿದೆ. ಬರೆಯೋನು ನೀನೇ. ಬರೀತೀಯಾ?"

ಕ್ಲಿಫರ್ಡ್ ಚಹಾಕ್ಕೆ ನೀರಿಡಲು ಎದ್ದ. ಆದರೆ ಚಹಾ ತುಂಬಿದ ಪಾತ್ರೆ ಎದುರಿಗೇ ಇತ್ತು. ಮತ್ತೆ ಕೂತು, "ಬರೀತೀನಿ" ಎಂದ.

ಪಕ್ಕದ ಮನೆಯ ಶೌಕತ್ ನಿವೃತ್ತ ಬಸ್ ಡ್ರೈವರ್. ಇದೇ ಬ್ಯಾಂಕಿಗೆ ಇದೇ ವಿಷಯವಾಗಿ ಅವನು ಆಗಲೇ ಮೂರು ಪತ್ರ ಬರೆದಿದ್ದ. ಮೂರೂ ತಲುಪಿಲ್ಲ ಎಂದು ಬ್ಯಾಂಕು ಹೇಳಿತ್ತು. ಬೇಲಿಯಾಚೆಯಿಂದ ಅವನು ಸಲಹೆ ಕೊಟ್ಟ. "ಬೈದು ಬರಿ ಮಾರಾಯ. ಮೊದಲನೇ ಸಾಲಲ್ಲೇ ಕಳ್ಳರು ಅಂತ ಹಾಕು. ಕೆಳಗೊಂದು ಗೆರೆ ಎಳಿ."

ಕ್ಲಿಫರ್ಡ್ ನಾಲ್ಕು ದಿನ ಕೂತು ಬರೆದ. ಆ ಪತ್ರ ಮುಂದೆ ಊರಿಗೆಲ್ಲ ಬಾಯಿಪಾಠವಾದ್ದರಿಂದ ಇಲ್ಲಿ ಪೂರ್ತಿ ಕೊಡಬಹುದು:

"ಮಾನ್ಯರೇ, ಈ ಪತ್ರ ತಮ್ಮ ಕೆಲಸಕ್ಕೆ ಅಡ್ಡಿ ಮಾಡಿದ್ದರೆ ಕ್ಷಮಿಸಿ. ಮೂವತ್ತೆಂಟು ವರ್ಷಗಳಿಂದ ತಮ್ಮಲ್ಲಿ ಖಾತೆ ಇಟ್ಟಿದ್ದೇನೆ. ಕೌಂಟರಿನ ಹೆಣ್ಣುಮಕ್ಕಳು ಯಾವಾಗಲೂ ನಗುಮುಖದವರು. ಬಾಗಿಲ ಬಳಿಯ ಹೂಕುಂಡ ಬಹಳ ಚೆನ್ನಾಗಿದೆ. ೧೯೯೯ರಲ್ಲಿ ವ್ಯಾನ್ ಸಾಲದ ಜೊತೆ ತಾವು ಕೊಟ್ಟ ವಿಮೆ ನನ್ನಂಥವನಿಗೆ ಉಪಯೋಗಕ್ಕೆ ಬರುವಂಥದ್ದಲ್ಲವೇನೋ ಎಂದು ತಿಳಿದು ತುಸು ಆಶ್ಚರ್ಯವಾಯಿತು. ತಪ್ಪು ನನ್ನದೇ ಇರಬೇಕು. ಬಿಡುವಾದಾಗ ಈ ಬಗ್ಗೆ ಯೋಚಿಸಿದರೆ ಸಂತೋಷ. ಯೋಚಿಸದಿದ್ದರೂ ಬೇಸರವಿಲ್ಲ. ಉತ್ತರ ಬರೆಯುವ ತೊಂದರೆ ಖಂಡಿತ ಬೇಡ."

ಜೂನ್ ಮೂರರಂದು ಇದನ್ನು ಅಂಚೆಪೆಟ್ಟಿಗೆಗೆ ಹಾಕಿದ ಮೇಲೆ ಕ್ಲಿಫರ್ಡ್ ಮನೆಗೆ ಹೋಗಲಿಲ್ಲ. 'ತುಸು ಆಶ್ಚರ್ಯವಾಯಿತು' ಎಂಬುದು ತೀರಾ ಕಟುವಾಯಿತೇನೋ ಎಂದು ಪೆಟ್ಟಿಗೆಯ ಪಕ್ಕದಲ್ಲೇ ಒಂದು ಗಂಟೆ ನಿಂತಿದ್ದ. ಅಂಚೆಯವನು ಬಂದರೆ ವಾಪಸ್ಸು ಕೇಳೋಣ ಎಂದುಕೊಂಡ. ಅಂಚೆಯವನು ಬಂದ. ಅವನಿಗೆ ತೊಂದರೆ ಕೊಡುವುದು ಸರಿಯಲ್ಲ ಎನಿಸಿ ಮನೆಗೆ ಹೋದ.

"ಖಾರವಾಗಿ ಬರೆದ್ಯಾ?" ಎಂದಳು ಮ್ಯೂರಿಯಲ್.

"ಖಾರ ಅಂದ್ರೆ... ಅವರು ಇವತ್ತು ರಾತ್ರಿ ನಿದ್ದೆ ಮಾಡಲ್ಲ," ಎಂದ ಕ್ಲಿಫರ್ಡ್. ಅವನು ಹಾಗೆಂದು ನಿಜವಾಗಿಯೂ ನಂಬಿದ್ದ.

ಜೂನ್ ಕಳೆಯಿತು, ಜುಲೈ ಕಳೆಯಿತು. ಮ್ಯೂರಿಯಲ್ ಬಲವಂತ ಮಾಡಿ ಬ್ಯಾಂಕಿನ ದೂರು ವಿಭಾಗಕ್ಕೆ ಫೋನ್ ಮಾಡಲು ಕೂರಿಸಿ, ತಾನು ಅಂಗಡಿಗೆ ಹೋದಳು. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಿದಳು.

"ನಮ್ಮ ಸೇವೆ ಬಗ್ಗೆ ನಿಮಗೆ ಅಸಮಾಧಾನ ಇದೆಯಾ ಚಿನ್ನ?" ಆ ಕಡೆ ಎಲ್ಲರೂ ಎಲ್ಲರಿಗೂ ಚಿನ್ನವೇ.

"ಛೇ ಛೇ, ಅಸಮಾಧಾನ ಅಂತ ಅಷ್ಟು ದೊಡ್ಡ ಮಾತು ಯಾಕೆ."

"ಹಾಗಾದ್ರೆ ಸಮಾಧಾನ ಅಂತ ಬರ್ಕೊಳ್ಲಾ?"

"ನಿಮಗೆ ಯಾವುದು ಸುಲಭವೋ ಅದನ್ನೇ ಬರ್ಕೊಳ್ಳಿ."

"ಹತ್ತಕ್ಕೆ ಎಷ್ಟು ಅಂಕ ಕೊಡ್ತೀರ?"

ಒಂಬತ್ತು ಎಂದರೆ ಹುಡುಗಿಗೆ ಬೇಸರವಾದೀತು ಎಂದು ಕ್ಲಿಫರ್ಡ್ ಹತ್ತು ಕೊಟ್ಟ. ಮ್ಯೂರಿಯಲ್ ವಾಪಸ್ಸು ಬಂದಾಗ, "ಮಾತಾಡಿದೆ. ಪರಿಶೀಲಿಸ್ತಿದಾರೆ" ಎಂದ.

ಆಗಸ್ಟ್ ಮಧ್ಯದಲ್ಲಿ ಬ್ಯಾಂಕಿನಿಂದ ಒಂದು ಬುಟ್ಟಿ ಬಂತು. ರೇಷ್ಮೆ ಪಟ್ಟಿ ಕಟ್ಟಿದ ಬುಟ್ಟಿಯಲ್ಲಿ ಹಣ್ಣಿನ ಕೇಕು, ಮೂರು ಬಗೆಯ ಜ್ಯಾಮು, ಒಂದು ಟಿನ್ನು ಚಹಾ ಇದ್ದವು.

"ಇದೇನು ಕ್ಲಿಫ್? ನಾವು ದುಡ್ಡು ಕೇಳಿದ್ರೆ ಜ್ಯಾಮ್ ಕಳ್ಸಿದಾರೆ!"

"ಮೊದಲ್ನೇ ಕಂತು ಇರ್ಬೇಕು," ಎಂದ ಕ್ಲಿಫರ್ಡ್.

ಬುಟ್ಟಿಯ ತಳದಲ್ಲಿ ಪತ್ರವಿತ್ತು. ಶಾಖೆಯ ಮ್ಯಾನೇಜರ್ ರೂಪರ್ಟ್ ಫೇನ್ ಬರೆದದ್ದು. ಲಂಡನ್ ಕಡೆಯಿಂದ ಬಂದು ಏಳು ತಿಂಗಳಾಗಿದ್ದ ಈ ತರುಣನಿಗೆ ಬರುತ್ತಿದ್ದುದೆಲ್ಲ ಬೈಗುಳದ ಪತ್ರಗಳೇ. ದಿನಕ್ಕೊಂದು ಚೀಲ. ಆ ಚೀಲದಲ್ಲಿ ಒಂದು ದಿನ ನಗುಮುಖ, ಹೂಕುಂಡ ಎಂಬ ಪದಗಳನ್ನು ಕಂಡು ಅವನ ಕಣ್ಣು ತುಂಬಿ ಬಂದಿತ್ತು. ಹೂಕುಂಡ ಅವನೇ ತಂದಿಟ್ಟದ್ದು. ಮೇಲಿನವರಿಗೆ ಪ್ರತಿ ಕಳಿಸಿದ. ಅವರು ಕುಣಿದಾಡಿದರು. ಬುಟ್ಟಿಯ ಪತ್ರದಲ್ಲಿ ಹೀಗಿತ್ತು: 'ತಮ್ಮ ಪ್ರಶಂಸಾಪತ್ರದಿಂದ ನಾವು ಧನ್ಯರು. ತಮ್ಮನ್ನು ವರ್ಷದ ಗ್ರಾಹಕರೆಂದು ಆಗಸ್ಟ್ ೨೮ರ ಮಧ್ಯಾಹ್ನ ಎರಡಕ್ಕೆ ಮೇಯರ್ ಅವರಿಂದ ಸನ್ಮಾನಿಸಲಾಗುವುದು.'

ಮ್ಯೂರಿಯಲ್ ಪತ್ರವನ್ನು ಎರಡು ಸಲ ಓದಿದಳು.

"ನೀನು ಏನಂತ ಬರೆದೆ?"

ಕ್ಲಿಫರ್ಡ್ ಬಾಯಿಪಾಠ ಒಪ್ಪಿಸಿದ. ಹೂಕುಂಡ ಬಂದಾಗ ಅವಳು ಕುರ್ಚಿ ಹಿಡಿದುಕೊಂಡಳು. ಮುಗಿದ ಮೇಲೆ ಜ್ಯಾಮಿನ ಬಾಟಲಿಗಳನ್ನು ಒಂದೊಂದಾಗಿ ಬುಟ್ಟಿಗೆ ವಾಪಸ್ಸಿಟ್ಟಳು. ಬೈದಿದ್ದರೆ ಕ್ಲಿಫರ್ಡ್ ಸಾರಿ ಎನ್ನಬಹುದಿತ್ತು. ಬೈಯಲಿಲ್ಲ.

"ಹೋಗ್ಲಿ ಬಿಡು," ಎಂದಳು ಕೊನೆಗೆ. "ನನಗೂ ಅರವತ್ನಾಲ್ಕಾಯ್ತು. ಊದೋಕೆ ಉಸಿರೆಲ್ಲಿದೆ."

ಆ ಮಾತು ಕ್ಲಿಫರ್ಡನ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಸನ್ಮಾನದ ದಿನ ಮ್ಯಾನೇಜರನ ಮುಖಕ್ಕೇ ಹೇಳಿಬಿಡುತ್ತೇನೆ ಎಂದು ಸ್ನಾನದ ಮನೆಯ ಕನ್ನಡಿಯ ಮುಂದೆ ಹತ್ತು ದಿನ ಅಭ್ಯಾಸ ಮಾಡಿದ. ಕನ್ನಡಿಗೂ ಮೊದಲು ಸಾರಿ ಎಂದೇ ಶುರುಮಾಡುತ್ತಿದ್ದ.

ಇಪ್ಪತ್ತೆಂಟನೇ ತಾರೀಕು ಗಂಡ ಹೆಂಡತಿ ಇಬ್ಬರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಬ್ಯಾಂಕಿಗೆ ಹೋದರೆ, ಕ್ಯೂ ಮಾಂಸದಂಗಡಿ ದಾಟಿ ಚರ್ಚಿನ ಗೇಟಿನವರೆಗೆ ನಿಂತಿತ್ತು. ಮರುದಿನ ಗಡುವು ಮುಗಿಯುತ್ತದೆಂದು ಊರಿಗೆ ಊರೇ ದೂರಿನ ಕಾಗದ ಹಿಡಿದು ಬಂದಿತ್ತು. ಶೌಕತ್ ತನ್ನ ನಾಲ್ಕನೇ ಪತ್ರವನ್ನು ಖುದ್ದಾಗಿ ಕೊಡಲು ನಡುವೆ ನಿಂತಿದ್ದ. ಬಾಗಿಲಲ್ಲಿದ್ದ ರೂಪರ್ಟ್, "ಬನ್ನಿ ಬನ್ನಿ ಮಿಸ್ಟರ್ ನಟಾಲ್! ನೀವು ನೇರ ಒಳಗೆ ಬನ್ನಿ!" ಎಂದು ಕೂಗಿದ.

ಕ್ಲಿಫರ್ಡ್ ಒಂದು ಹೆಜ್ಜೆ ಮುಂದಿಟ್ಟ. ಕ್ಯೂನಲ್ಲಿ ಯಾರೋ ಕೆಮ್ಮಿದರು. ಇನ್ನೊಂದು ಹೆಜ್ಜೆ ಇಟ್ಟ. ನಾಲಿಗೆ ಲೊಚಗುಟ್ಟಿದ ಸದ್ದು ಬಂತು. ಆ ಸೀಮೆಯಲ್ಲಿ ಕೊಲೆ ಮಾಡಿದವನಿಗೆ ವಕೀಲ ಸಿಗಬಹುದು, ಕ್ಯೂ ಮುರಿದವನಿಗೆ ಸಿಗುವುದಿಲ್ಲ. ಬೈಯುವುದೂ ಇಲ್ಲ, ಹಿಡಿದೆಳೆಯುವುದೂ ಇಲ್ಲ. ಬರೀ ಕೆಮ್ಮುತ್ತಾರೆ. ಎಂಬತ್ತು ಜನ ಕೆಮ್ಮಿದರೆ ಎಂಥವನಿಗೂ ಬದುಕು ಸಾಕೆನಿಸುತ್ತದೆ.

"ಕ್ಲಿಫ್, ನೀನೂನಾ?" ಎಂದ ಶೌಕತ್ ನೊಂದು.

ಕ್ಲಿಫರ್ಡನ ಕಿವಿ ಕೆಂಪಾಯಿತು. ತಟ್ಟನೆ ತಿರುಗಿ ಚರ್ಚಿನ ಗೇಟಿಗೆ ನಡೆದು ಎಲ್ಲರ ಹಿಂದೆ ನಿಂತ. ಮ್ಯೂರಿಯಲ್ ಅವನ ಪಕ್ಕ ಬಂದು ನಿಂತಳು.

ರೂಪರ್ಟ್ ಓಡಿ ಬಂದ. "ಸರ್, ಒಳಗೆ ಮೇಯರ್ ಕಾಯ್ತಿದಾರೆ. ಪತ್ರಿಕೆಯವರು ಬಂದಿದಾರೆ."

"ಇವರೆಲ್ಲ ನನಗಿಂತ ಮುಂಚೆ ಬಂದೋರು."

"ಸರ್, ಇದು ದೂರು ಕೊಡೋರ ಕ್ಯೂ!"

"ಗೊತ್ತು," ಎಂದ ಕ್ಲಿಫರ್ಡ್, ಬಹಳ ಮೆಲ್ಲಗೆ.

ರೂಪರ್ಟನಿಗೆ ಅದು ಕೇಳಿಸಲಿಲ್ಲ. ಗ್ರಾಹಕ ಬಾರದ್ದರಿಂದ ಸನ್ಮಾನವೇ ಗ್ರಾಹಕನ ಬಳಿ ಹೋಗಬೇಕಾಯಿತು. ಕೊರಳಲ್ಲಿ ಹುದ್ದೆಯ ಚಿನ್ನದ ಸರ ಹಾಕಿಕೊಂಡ ಮೇಯರಮ್ಮ, ಹೂಗುಚ್ಛ ಹಿಡಿದ ರೂಪರ್ಟ್, ಕ್ಯಾಮೆರಾ ಹೊತ್ತ ಪತ್ರಿಕೆಯವನು ಮೂವರೂ ಕ್ಲಿಫರ್ಡನ ಪಕ್ಕದಲ್ಲಿ ಅಂಗುಲ ಅಂಗುಲವಾಗಿ ಸಾಗಿದರು. ಮಾಂಸದಂಗಡಿಯ ಹತ್ತಿರ ಹೂವು ಬಾಡಿತು. ಮೇಯರಮ್ಮ ಕಾಲು ನೋವೆಂದು ಒಂದು ಬೂಟು ಬಿಚ್ಚಿದರು. ಎರಡೂವರೆ ತಾಸು ಹೀಗೇ ನಡೆಯಿತು, ಅಷ್ಟರಲ್ಲಿ ಅವರ ಹಿಂದೆ ಕ್ಯೂ ಮತ್ತೆ ಬೆಳೆಯಿತು.

ಒಳಗೆ ಕೌಂಟರಿನ ಪಕ್ಕದ ಗೋಡೆಯಲ್ಲಿ, ಬಂಗಾರದ ಬಣ್ಣದ ಕಟ್ಟಿನೊಳಗೆ, ಗಾಜಿನ ಹಿಂದೆ ಕ್ಲಿಫರ್ಡನ ಪತ್ರ ತೂಗುತ್ತಿತ್ತು. ಅದರ ಕೆಳಗೇ ಶೌಕತ್ ಕೌಂಟರಿನವಳ ಜೊತೆ ವಾದಿಸುತ್ತಿದ್ದ. ಹಿಂದಿನ ಮೂರೂ ಪತ್ರ ದಾಖಲೆಯಲ್ಲಿಲ್ಲ ಎಂದು ಅವಳು ಮತ್ತೆ ಹೇಳಿದಳು. ಅವನು ಈ ಸಲದ್ದಕ್ಕೆ ರಸೀದಿ ಬರೆಸಿಕೊಂಡು ಗೋಡೆಗೊರಗಿ ನಿಂತ. ಅವನಾದ ಮೇಲೆ ಹದಿನಾರು ಜನ. ಆಮೇಲೆ, ನಾಲ್ಕೂ ಇಪ್ಪತ್ತೊಂಬತ್ತಕ್ಕೆ, "ಮುಂದಿನವರು" ಎಂದಳು ಕೌಂಟರಿನವಳು. ಅದು ಕ್ಲಿಫರ್ಡನ ಸರದಿ.

ಅವನು ಹೆಜ್ಜೆ ಎತ್ತಿದ್ದನಷ್ಟೆ. ಇದಕ್ಕಿಂತ ಒಳ್ಳೆಯ ಜಾಗ ಸಿಗದೆಂದು ರೂಪರ್ಟ್ ಮೇಯರಮ್ಮನನ್ನು ಅವನ ಮುಂದೆ ತಂದು ಕೌಂಟರಿಗೆ ಒರಗಿಸಿ ನಿಲ್ಲಿಸಿದ. "ಮೊದಲು ಮೇಯರ್ ಅವರದ್ದು ಮುಗಿದುಬಿಡಲಿ!" ಎನ್ನುತ್ತ ಕೌಂಟರಿನ ಮೇಲೆ 'ಮುಚ್ಚಿದೆ' ಎಂಬ ಹಲಗೆ ಇಟ್ಟ.

ಕೆಮ್ಮುವುದಕ್ಕೂ ಯಾರಿಗೂ ಬಾಯಿ ಬರಲಿಲ್ಲ.

"ಸಾರಿ," ಎಂದ ಕ್ಲಿಫರ್ಡ್. ಆಮೇಲೆ ತಲೆ ಕೊಡವಿದ. "ಇಲ್ಲ. ಸಾರಿ ಅಲ್ಲ. ಸರದಿ ನಂದು!"

"ಸರ್, ಒಂದೇ ನಿಮಿಷ..."

"ಸರದಿ ನಂದು ಕಣಯ್ಯಾ! ಎರಡೂವರೆ ಗಂಟೆಯಿಂದ ನಿಂತಿದೀನಿ! ಹದಿನೆಂಟು ವರ್ಷದಿಂದ ನಿಂತಿದೀನಿ! ಕಾಲು ಮುರ್ಕೊಂಡು ಇದೇ ಕೌಂಟರಿಗೆ ಬಂದಿದ್ದೆ. ಮಾಲೀಕನ ಪತ್ರ ತಾ ಅಂದ್ರಿ. ಕಿಟಕಿ ಒರೆಸೋನಿಗೆ ಮಾಲೀಕ ಎಲ್ಲಿಂದ ತರ್ಲಿ? ಹುಟ್ಟಿಸ್ಲಾ? ನಿಮಗೆ ಕಂತು ಕಟ್ಟೋಕೆ ಇವಳು ಕಾರ್ನೆಟ್ ಮಾರಿದ್ಲು. ಅವರಪ್ಪನ ಕಾರ್ನೆಟ್! ಆಮೇಲೆ ನಮ್ಮನೇಲಿ ಒಂದು ಸ್ವರ ಕೇಳಿಲ್ಲ. ನೀವು ನನಗೆ ಜ್ಯಾಮ್ ಕಳಿಸ್ತೀರಾ?"

ಮ್ಯೂರಿಯಲ್ ಬಾಯಿ ತೆರೆದು ಗಂಡನನ್ನೇ ನೋಡುತ್ತಿದ್ದಳು. ಮದುವೆಯಾಗಿ ನಲವತ್ತೊಂದು ವರ್ಷದಲ್ಲಿ ಈ ಮನುಷ್ಯನನ್ನು ಅವಳು ನೋಡಿಯೇ ಇರಲಿಲ್ಲ.

"ಆದರೆ... ಪ್ರಶಂಸಾಪತ್ರ..." ರೂಪರ್ಟ್ ಗೋಡೆ ತೋರಿಸಿದ.

"ಅದು ದೂರು!" ಎಂದು ಕ್ಲಿಫರ್ಡ್ ಗುಡುಗಿದ.

ಮೇಯರಮ್ಮ ಕನ್ನಡಕ ಹಾಕಿಕೊಂಡು ಗೋಡೆಯ ಬಳಿ ಹೋದರು. ಅವರು ಥಾರ್ನ್‌ಡೆನ್‌ನಲ್ಲೇ ಹುಟ್ಟಿ ಬೆಳೆದವರು, ಆ ಊರಿನ ಮೆಲುಮಾತಿನ ಅರ್ಥ ಬಲ್ಲವರು. ಪತ್ರದಲ್ಲಿ ಹೂಕುಂಡದ ಸಾಲು ದಾಟಿ ಕೆಳಗಿಳಿದವರು 'ತುಸು ಆಶ್ಚರ್ಯವಾಯಿತು' ಎಂಬಲ್ಲಿಗೆ ಬಂದು ಬೆಚ್ಚಿ ನಿಂತರು.

"ಅಯ್ಯೋ ದೇವ್ರೇ! ಇಷ್ಟು ಕಟುವಾಗಿ ಬರೆದಿದಾರಲ್ರೀ ಫೇನ್! ಇದನ್ನ ಓದಿಯೂ ನೀವು ಸುಮ್ನಿದ್ರಾ?"

ಕ್ಯೂ ಪೂರ್ತಿ ತಲೆಯಾಡಿಸಿತು. ಶೌಕತ್ ಗಾಜಿಗೆ ಮೂಗು ತಾಗಿಸಿ ನೋಡುತ್ತಿದ್ದವನು ಇದ್ದಕ್ಕಿದ್ದಂತೆ ಕೂಗಿದ. "ಸೀಲಿದೆ! ಬ್ಯಾಂಕಿನ ಸೀಲು! 'ತಲುಪಿದೆ, ಜೂನ್ ಐದು' ಅಂತ ಹಾಕಿದಾರೆ! ನಂದು ಮೂರು ಪತ್ರ ನುಂಗಿದ್ರಿ, ಇದನ್ನ ನುಂಗೋಕಾಗ್ಲಿಲ್ಲ, ಕಟ್ಟು ಹಾಕಿಸಿ ಮಡಗಿದೀರ! ಎಂಟು ವಾರದಲ್ಲಿ ಉತ್ತರ ಕೊಡ್ಬೇಕು ಅಂತ ಕಾನೂನಿದೆ. ಇವತ್ತಿಗೆ ಹನ್ನೆರಡು ವಾರ ಆಯ್ತು!"

ಪತ್ರಿಕೆಯವನಿಗೆ ಅಲ್ಲಿಯವರೆಗೆ ಆಕಳಿಕೆ ಬರುತ್ತಿತ್ತು. ಈಗ ಅವನು ಕುರ್ಚಿ ಹತ್ತಿ ಫೋಟೋ ಮೇಲೆ ಫೋಟೋ ತೆಗೆದ. ರೂಪರ್ಟ್ ಬಾಡಿದ ಹೂಗುಚ್ಛವನ್ನು ಎದೆಗವಚಿಕೊಂಡು ತಾನೇ ಹೋಗಿ 'ಮುಚ್ಚಿದೆ' ಹಲಗೆಯನ್ನು ತೆಗೆದ.

"ಮುಂದಿನವರು," ಎಂದಳು ಕೌಂಟರಿನವಳು ಪೆನ್ನು ತೆಗೆದುಕೊಂಡು. "ಏನು ವಿಷಯ ಚಿನ್ನ?"

"ನನಗೆ ಅಸಮಾಧಾನ ಇದೆ," ಎಂದ ಕ್ಲಿಫರ್ಡ್. "ಬಹಳ ಇದೆ. ಬರ್ಕೊಳ್ಳಿ."

ಇಡೀ ಕ್ಯೂ ಚಪ್ಪಾಳೆ ತಟ್ಟಿತು. ಯಾರೂ ತಮ್ಮ ಜಾಗ ಮಾತ್ರ ಬಿಡಲಿಲ್ಲ.

ಆ ಶುಕ್ರವಾರದ ಪತ್ರಿಕೆಯ ಮುಖಪುಟದಲ್ಲಿ ಬೆರಳೆತ್ತಿದ ಕ್ಲಿಫರ್ಡ್, ಹಿಂದೆ ಗೋಡೆಯ ಪತ್ರ, ಸೀಲು ಓದುವಷ್ಟು ದೊಡ್ಡದಾಗಿ ಬಂದವು. ಬ್ಯಾಂಕಿನ ಮೇಲಿನವರಿಗೆ ಫೋನು ಮೇಲೆ ಫೋನು ಹೋಯಿತು. ಶೌಕತನ ಮೂರು ಪತ್ರಗಳೂ ಒಂದು ಕಪಾಟಿನಲ್ಲಿ ಪವಾಡದಂತೆ ಸಿಕ್ಕಿದವು. ಮೂರನೇ ವಾರಕ್ಕೆ ಕ್ಲಿಫರ್ಡನ ಖಾತೆಗೆ ಬಡ್ಡಿ ಸೇರಿ ಮೂರು ಸಾವಿರದ ಒಂಬೈನೂರ ನಲವತ್ತೆರಡು ಪೌಂಡು ಬಿತ್ತು. ಡೋರೀನಳಿಗೆ ಬಂದದ್ದಕ್ಕಿಂತ ಅದು ನಾನೂರು ಜಾಸ್ತಿ. ಅವಳು ಆರು ವಾರ ಚಹಾಕ್ಕೆ ಬರಲಿಲ್ಲ. ಇದನ್ನೂ ಲಾಭದ ಲೆಕ್ಕಕ್ಕೇ ಸೇರಿಸಬೇಕು.

ಅಕ್ಟೋಬರಿನ ಒಂದು ಶನಿವಾರ ಗಂಡಹೆಂಡಿರು ರೈಲು ಹತ್ತಿ ಮ್ಯಾಂಚೆಸ್ಟರಿಗೆ ಹೋಗಿ ವಾದ್ಯದಂಗಡಿಯ ಮೆಟ್ಟಿಲೇರಿದರು. ಅಪ್ಪನ ಕಾರ್ನೆಟ್ ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ. ಅದೇ ಮಾದರಿಯ ಹಳೆಯದೊಂದು ಅಲ್ಲಿತ್ತು, ಬೆಲೆ ಒಂದು ಸಾವಿರದ ಇನ್ನೂರು. ಮ್ಯೂರಿಯಲ್ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಕರವಸ್ತ್ರದಿಂದ ಒರೆಸಿ, ತುಟಿಗಿಟ್ಟಳು. ಮೊದಲು ಬರೀ ಗಾಳಿ ಬಂತು. ಆಮೇಲೆ ಒಂದು ಒಡಕು ಸ್ವರ. ಅವಳು ಕಣ್ಣು ಮುಚ್ಚಿ, ಉಸಿರೆಳೆದು ಮತ್ತೆ ಊದಿದಳು. ಈ ಸಲ ಅದು ನೆಟ್ಟಗೆ, ದುಂಡಗೆ ಹೊರಟು ಅಂಗಡಿಯನ್ನೆಲ್ಲ ತುಂಬಿತು. ಗಿಟಾರ್ ನೋಡುತ್ತಿದ್ದವರು ತಿರುಗಿ ನೋಡಿದರು. ಮ್ಯೂರಿಯಲ್ ಒಂದು ಹಳೆಯ ಮೆರವಣಿಗೆಯ ಹಾಡನ್ನು ಕೊನೆಯವರೆಗೂ ಊದಿ ಇಳಿಸಿದಾಗ ಅವಳ ಕೆನ್ನೆಯೆಲ್ಲ ಒದ್ದೆಯಾಗಿತ್ತು. ಕ್ಲಿಫರ್ಡನದೂ ಅಷ್ಟೇ.

"ಬಿಲ್ ಮಾಡ್ಲಾ ಮೇಡಮ್?" ಎಂದ ಅಂಗಡಿಯವನು.

ಮ್ಯೂರಿಯಲ್ ಕಾರ್ನೆಟನ್ನು ಎದೆಗೊತ್ತಿಕೊಂಡು ತಲೆಯಾಡಿಸಿದಳು.

"ಮಾಡಿ," ಎಂದ ಕ್ಲಿಫರ್ಡ್ ಕೈಯಲ್ಲಿ ಕಣ್ಣೊರೆಸಿಕೊಂಡು. ಆಮೇಲೆ ಮೂರು ತಲೆಮಾರಿನ ನಟಾಲರಲ್ಲಿ ಯಾರೂ ಯಾವ ಅಂಗಡಿಯಲ್ಲೂ ಆಡದ ಮಾತನ್ನು ಆಡಿದ. "ಆದ್ರೆ ಬೆಲೆ ಸ್ವಲ್ಪ ಜಾಸ್ತಿ ಆಯ್ತು. ಕಡಿಮೆ ಮಾಡಿ."

ಅಂಗಡಿಯವನು ನೂರು ಪೌಂಡು ಇಳಿಸಿದ.